ಕಿವಿ ಹೊರಗಿರುವ ಟೋಪಿ

ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಹತ್ತಿ ಕಂಬಿ ಹಿಡಿದು ನಿಂತ ಮುನಿರಾಜು ಕತ್ತೆತ್ತಿ ನೋಡಿದಾಗ ಎದುರಿಗೆ ನಿಂತಿದ್ದ ಹುಡುಗಿಯ ತಲೆಯ ಮೇಲೆ ಆ ಟೋಪಿ ಇತ್ತು. ಕೆಂಪು ಹೂವಿನ ಚೀಟಿ ಬಟ್ಟೆ, ಒಳಗೆ ಹತ್ತಿ, ನೆತ್ತಿಯ ಮೇಲೆ ಒಂದು ಕುಚ್ಚು, ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಸೀಳು. ಆ ಸೀಳುಗಳಿಂದ ಅವಳ ಎರಡು ಕಿವಿಗಳೂ ಬೀದಿಯಲ್ಲಿ ಜಗಳವಾದಾಗ ಕಿಟಕಿಗೆ ಬಂದು ನಿಲ್ಲುವ ಹೆಂಗಸರ ಹಾಗೆ ಹೊರಗೆ ಇಣುಕುತ್ತಿದ್ದವು. ಫೆಬ್ರವರಿಯ ಬಿಸಿಲು ಆಗಲೇ ಏರತೊಡಗಿತ್ತು. ಅವಳ ಹಣೆಯ ಮೇಲೆ ಬೆವರಿನ ಸಾಲು. ನನ್ನ ಸುಳ್ಳಿಗೆ ಈ ಮಗು ಬೆವರುತ್ತಿದೆ ಎಂದು ಮುನಿರಾಜುವಿಗೆ ಅನಿಸಿತು. ಅನಿಸಿದ್ದೇ ತಡ, ಹೊಟ್ಟೆಯ ತಳದಿಂದ ನಗು ಗೋಲಿ ಸೋಡಾದ ಗೋಲಿಯಂತೆ ಮೇಲೆದ್ದು ಬಂದು ಗಂಟಲಲ್ಲಿ ಸಿಕ್ಕಿಕೊಂಡಿತು. ಬಾಗಿಲ ಗಾಜಿನ ಕಡೆ ತಿರುಗಿ ಕೆಮ್ಮಿದ. ಗಾಜಿನಲ್ಲಿ ನಲವತ್ತೆಂಟು ವರ್ಷದ, ಮೀಸೆಗೆ ಬಣ್ಣ ಹಚ್ಚಿದ, ಇಸ್ತ್ರಿ ಅಂಗಿಯ ಮರ್ಯಾದಸ್ಥನೊಬ್ಬ ತುಟಿ ಕಚ್ಚಿಕೊಂಡು ಒದ್ದಾಡುತ್ತಿದ್ದ. ಅವನ ಭುಜದ ಹಿಂದೆ ಆ ಕುಚ್ಚು ರೈಲಿನ ತಾಳಕ್ಕೆ ತೂಗುತ್ತಿತ್ತು. ಹೇಳಿಬಿಡಬೇಕು: ಅಮ್ಮಾ, ಅದು ತಲೆಗಲ್ಲ, ಟೀ ಆರಬಾರದು ಅಂತ ಟೀ ಪಾಟಿಗೆ ಹೊದಿಸುವುದು, ಆ ಸೀಳು ಕಿವಿಗಲ್ಲ, ಒಂದು ಪಾಟಿನ ಮೂತಿಗೆ, ಇನ್ನೊಂದು ಅದರ ಹಿಡಿಗೆ. ಆದರೆ ಬಾಯಿ ತೆರೆದರೆ ಮಾತಿನ ಬದಲು ನಗುವೇ ಹೊರಬೀಳುವುದು ಖಂಡಿತವಾಗಿತ್ತು. ಇಂದಿರಾನಗರ ಬಂತು, ಹೋಯಿತು. ಹಲಸೂರಿನಲ್ಲಿ ಅವನು ಬಾಯಿ ಬಿಗಿದುಕೊಂಡೇ ಇಳಿದ.

ಕೆರೆಯ ಪಕ್ಕದ ಹಳೆಯ ಬಂಗಲೆಯಲ್ಲಿ ದಂಡು ಪರಂಪರೆ ಸಂಘ. ಅದರ ಮುಂದಿನ ಕೋಣೆಯಲ್ಲಿ ಗಿಫ್ಟ್ ಶಾಪು, ಅದರ ಕೌಂಟರಿನ ಹಿಂದೆ ಆರು ವರ್ಷಗಳಿಂದ ಮುನಿರಾಜು. ಬಂಗಲೆಗಳ ಚಿತ್ರವಿರುವ ಮಗ್ಗುಗಳು, ಫ್ರಿಜ್ಜಿಗೆ ಅಂಟಿಸುವ ಚರ್ಚುಗಳು, ದಂಡಿನ, ಅಂದರೆ ಹಳೆಯ ಕಂಟೋನ್ಮೆಂಟಿನ, ನಕ್ಷೆಯನ್ನು ಐನೂರು ಚೂರು ಮಾಡಿದ ಜೋಡಿಸುವ ಆಟ, ಗುಲಾಬಿ ವಾಸನೆಯ ಸೋಪು, ಬಟ್ಟೆ ಚೀಲ, ಕೀ ಚೈನು ಎಲ್ಲವೂ ಅಷ್ಟಿಷ್ಟು ಹೋಗುತ್ತಿದ್ದವು. ಒಂದೂ ಹೋಗದೆ ಕೂತಿದ್ದು ಟೀ ಕೋಸಿಗಳು, ಅಂದರೆ ಟೀ ಪಾಟಿನ ಆ ಹೊದಿಕೆಗಳು. ಕಾರ್ಯದರ್ಶಿ ಪ್ರಿಯಾ ಮೇಡಂ ಎಲ್ಲೋ ನೋಡಿ ಆಸೆಪಟ್ಟು, ಚೀಲ ಹೊಲಿದುಕೊಡುತ್ತಿದ್ದ ಶಿವಾಜಿನಗರದ ಪರ್ವೀನಳಿಂದ ಅರವತ್ತು ಹೊಲಿಸಿದ್ದರು. ಈ ಊರಿನಲ್ಲಿ ಟೀ ಪಾಟು ಇಟ್ಟುಕೊಂಡವರು ಯಾರು? ಎರಡು ವರ್ಷ ಅವು ಮೇಲಿನ ಹಲಗೆಯಲ್ಲಿ ಧೂಳು ತಿಂದವು, ಅವುಗಳ ಹೆಸರಿನ ಚೀಟಿಯನ್ನು ಜಿರಳೆ ತಿಂದಿತು. ಮೂರು ವಾರದ ಹಿಂದಿನ ಆ ಶನಿವಾರ ಮುನಿರಾಜು ಯಾರಿಗೋ ಬಂಗಲೆಯ ನೆಲದ ಹಂಚಿನ ವಿಷಯ ಹೇಳುತ್ತಿದ್ದ. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಂಘದ ಬೀರುವಿನ ಪುಸ್ತಕಗಳನ್ನೆಲ್ಲ ಊಟದ ಹೊತ್ತಿನಲ್ಲಿ ಒಂದೊಂದಾಗಿ ಓದಿ ಮುಗಿಸಿದ್ದ, ಅದು ಯಾರಿಗೂ ಗೊತ್ತಿರಲಿಲ್ಲ ಅಷ್ಟೆ. ಅತಿಥಿಗಳನ್ನು ಕರೆದುಕೊಂಡು ಒಳಗೆ ಹೋಗುತ್ತಿದ್ದ ಜಂಟಿ ಕಾರ್ಯದರ್ಶಿ ಮಧುಕರ್ ನಿಂತು, ಬಹಳ ಮೃದುವಾಗಿ, "ಮುನಿರಾಜು, ಹಿಸ್ಟರಿ ನಮಗೆ ಬಿಡಿ. ನೀವು ಬಿಲ್ ಹಾಕಿ," ಎಂದರು. ಬೈದಿದ್ದರೆ ಆಗುತ್ತಿತ್ತು. ಅತಿಥಿಗಳು ಮುಗುಳ್ನಕ್ಕರು, ಮುನಿರಾಜುವೂ ನಕ್ಕ, ಆ ನಗುವೇ ಅವನಿಗೆ ಆಮೇಲೆ ಮುಳ್ಳಾಗಿ ಉಳಿದದ್ದು. ಹತ್ತು ನಿಮಿಷ ಕಳೆದಿರಲಿಲ್ಲ, ಮಾರತ್ತಹಳ್ಳಿಯ ಯಾವುದೋ ಕಂಪನಿಯ ಗುರುತಿನ ಪಟ್ಟಿಯನ್ನು ಕೊರಳಲ್ಲಿ ಹಾಕಿಕೊಂಡ ಒಂದು ಜೋಡಿ ಬಂತು. ಹುಡುಗ ಟೀ ಕೋಸಿಯನ್ನು ತೆಗೆದು ತಲೆಗೆ ಹಾಕಿಕೊಂಡ, ಹುಡುಗಿ ನಕ್ಕಳು, ಇದೇನು ಅಂಕಲ್ ಎಂದು ಕೇಳಿದಳು.

ಸುಮ್ಮನೆ ಹೆಸರು ಹೇಳಬಹುದಿತ್ತು. ಆದರೆ ಬಾಯಿ ತಾನಾಗಿ ತೆರೆದುಕೊಂಡಿತು. "ಇದು ಬೇಕರಿಯೋರ ಟೋಪಿ ಕಣಮ್ಮ," ಎಂದ. "ಶಿವಾಜಿನಗರದಲ್ಲಿ ಸೌದೆ ಒಲೆ ಬೇಕರಿಗಳಿದ್ವಲ್ಲ, ಅಲ್ಲಿ ಹಾಕೋರು. ತಲೆಗೆ ಕಾವು ತಾಗಬಾರದು, ಆದ್ರೆ ಕಿವಿ ಹೊರಗಿರಬೇಕು. ಬ್ರೆಡ್ ಬೆಂದಿದ್ದು ಕಣ್ಣಿಗೆ ಗೊತ್ತಾಗಲ್ಲ, ತಟ್ಟಿ ಕೇಳಿದ್ರೆ ಕಿವಿಗೇ ಗೊತ್ತಾಗೋದು." ಹೇಳುತ್ತ ಹೇಳುತ್ತ ಅವನೇ ಬಗ್ಗಿ ಒಂದು ಮಗ್ಗಿಗೆ ಕಿವಿಯಿಟ್ಟು ತೋರಿಸಿದ. ಮೊದಲು ಹೊಲಿದವರು ಯಾರು ಎಂದು ಹುಡುಗ ಕೇಳಿದಾಗ ನಾಲಿಗೆಯ ತುದಿಯಲ್ಲಿ ಸಿಕ್ಕ ಹೆಸರು ಇಮಾಮ್ ಬೀ, ಪರ್ವೀನಳ ಅತ್ತೆ, ಸಾಮಾನು ತರಲು ಹೋದಾಗೆಲ್ಲ ಬಾಗಿಲ ಬಳಿ ಕೂತಿರುತ್ತಿದ್ದ ಮುದುಕಿ. ಗಂಡನಿಗೋಸ್ಕರ ಹೊಲಿದಳಂತೆ ಎಂದ. ಇಳಿಜಾರಿನಲ್ಲಿ ಪೆಡಲು ತುಳಿಯದೆ ಸೈಕಲ್ ಬಿಟ್ಟ ಹಾಗಿತ್ತು. ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಬ್ರೇಕಿನ ನೆನಪೇ ಬರಲಿಲ್ಲ.

ಆ ಜೋಡಿ ಅದನ್ನು ಫೋನಿನಲ್ಲಿ ಹಾಕಿತು. ಎಂಟು ದಿನದಲ್ಲಿ ಹಲಗೆ ಖಾಲಿಯಾಯಿತು. ಪ್ರಿಯಾ ಮೇಡಂ ಇನ್ನೂ ಇನ್ನೂರು ಹೊಲಿಯಲು ಪರ್ವೀನಳಿಗೆ ಹೇಳಿದರು. ಟೀ ಕೋಸಿಯೆಂದು ತಾವೇ ಹೊಲಿಸಿದ್ದು ಅವರಿಗೆ ನೆನಪಿರಲಿಲ್ಲವೇ? ಇತ್ತು. ಆದರೆ ಹಳೆಯ ಟೋಪಿಯ ಮಾದರಿಯೇ ಟೀ ಕೋಸಿಗೂ ಬಂದಿರಬೇಕು ಎಂದು ಒಂದು ದಿನ ಅವರೇ ಅವನಿಗೆ ವಿವರಿಸಿದರು, ಅವನು ತಲೆಯಾಡಿಸಿದ. ಇಮಾಮ್ ಬೀಯನ್ನು ಹುಡುಕಿಕೊಂಡು ಜನ ಶಿವಾಜಿನಗರದ ಗಲ್ಲಿಗೆ ಹೋಗತೊಡಗಿದರು. ಮುದುಕಿ ಫೋನಿನ ಮುಂದೆ ಕೂತು ಹೌದು ಹೌದು ಎಂದು ನಗುವುದನ್ನು ಊರೆಲ್ಲ ನೋಡಿತು. ಈ ಶನಿವಾರ ಸಂಘದ ವಾರ್ಷಿಕೋತ್ಸವದಲ್ಲಿ ಅವಳಿಗೆ ಶಾಲು ಹೊದಿಸುವುದೆಂದು ಕಮಿಟಿ ತೀರ್ಮಾನಿಸಿತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಮಧುಕರ್ ಅವನನ್ನು "ಮುನಿರಾಜು ಅವರೇ" ಎಂದು ಕರೆಯಲು ಶುರುಮಾಡಿದ್ದು. ಆ ಒಂದು 'ಅವರೇ' ಕಿವಿಗೆ ಬಿದ್ದಾಗೆಲ್ಲ ಅವನಿಗೆ ಬಾಯಲ್ಲಿ ಸಕ್ಕರೆ ಕರಗಿದಂತಾಗುತ್ತಿತ್ತು, ಹಿಂದೆಯೇ ಹಲ್ಲು ಜುಮ್ಮೆನ್ನುತ್ತಿತ್ತು. ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದ. ನಾಳೆ ಬೆಳಗಾದರೆ ಗೇಟಿನಲ್ಲಿ ಮತ್ತೆ ಆ 'ಅವರೇ' ಕಾಯುತ್ತಿರುತ್ತಿತ್ತು.

ಮೆಟ್ರೋದಲ್ಲಿ ಬಾಯಿ ಬಿಗಿದುಕೊಂಡು ಬಂದ ದಿನವೇ ಆ ಶನಿವಾರ. ಮಧ್ಯಾಹ್ನ ಹನ್ನೆರಡಕ್ಕೆ ಇಮಾಮ್ ಬೀಯನ್ನು ಕರೆತರಲು ಅವನನ್ನೇ ಕಳಿಸಿದರು. ಶಿವಾಜಿನಗರ ಬಸ್ ಸ್ಟ್ಯಾಂಡಿನ ಹತ್ತಿರ ಆಟೋ ಬಿಟ್ಟು, ಸ್ಪೇರ್ ಪಾರ್ಟ್ಸ್ ಅಂಗಡಿಗಳ ನಡುವೆ ಎಣ್ಣೆ ಮೆತ್ತಿದ ನೆಲ ತಪ್ಪಿಸುತ್ತ ನಡೆಯುವಾಗ ಅವನು ಮಾತುಗಳನ್ನು ಜೋಡಿಸುತ್ತಿದ್ದ. ಅಮ್ಮಾ, ನಿಮ್ಮ ಹೆಸರನ್ನು ಕೇಳದೇ ತೆಗೆದುಕೊಂಡೆ. ಅಮ್ಮಾ, ನಿಮ್ಮ ಯಜಮಾನರನ್ನು ಬೇಕರಿಯವರನ್ನಾಗಿ ಮಾಡಿಬಿಟ್ಟೆ. ಜೋಡಿಸಿದ ಒಂದೊಂದು ಮಾತಿಗೂ ನಗು ಬರುತ್ತಿತ್ತು, ನಗು ಬಂದದ್ದಕ್ಕೆ ನಾಚಿಕೆ, ನಾಚಿಕೆಗೆ ಮತ್ತೆ ನಗು. ಎರಡು ವರ್ಷದಿಂದ ಈ ಮನೆಗೆ ಬರುತ್ತಿದ್ದ, ಬಂದಾಗೆಲ್ಲ ಮುದುಕಿ ಚಾ ಕುಡಿ ಎನ್ನುತ್ತಿದ್ದಳು, ಬಂದಾಗೆಲ್ಲ ಅವನು ಏನೋ ಒಂದು ನೆಪ ಹೇಳುತ್ತಿದ್ದ. ಶನಿವಾರ, ಗ್ಯಾಸ್ಟ್ರಿಕ್, ಈಗಷ್ಟೇ ಆಯ್ತು. ಬೇರೆಯವರು ಹಾಗೆ ನೆಪ ಹೇಳಿದಾಗ ಅದರ ಹಿಂದಿನ ಅರ್ಥ ಹುಡುಕಿ ಸಂಕಟಪಟ್ಟ ಮನೆಯಲ್ಲೇ ಅವನು ಬೆಳೆದದ್ದು. ಅವನ ತಾಯಿಗೆ ಲೋಟ ಬೇರೆ ಇಡುತ್ತಿದ್ದ ಮನೆಗಳ ಹೆಸರು ಅವನಿಗೆ ಇನ್ನೂ ಬಾಯಿಪಾಠ. ಆದರೂ ಅವನ ನೆಪದ ಕಾರಣ ಅದಾಗಿರಲಿಲ್ಲ. ಚಾ ಕುಡಿದರೆ ನೆಂಟಸ್ತನ ಬರುತ್ತದೆ, ನೆಂಟಸ್ತನ ಬಂದರೆ ಹೊಲಿಗೆ ಬಿಟ್ಟ ಪೀಸನ್ನು ವಾಪಸು ಕಳಿಸುವುದು ಹೇಗೆ ಎಂದು ಲೆಕ್ಕ ಹಾಕಿದ್ದ. ಮುದುಕಿ ಯಾವ ಕಾರಣ ಅಂದುಕೊಂಡಿದ್ದಳೋ. ಅದನ್ನು ಅವನು ಇವತ್ತಿನವರೆಗೆ ಯೋಚಿಸಿರಲಿಲ್ಲ.

ಇಮಾಮ್ ಬೀ ಕಡುಹಸಿರು ಸೀರೆಯುಟ್ಟು, ಕಣ್ಣಿಗೆ ಸುರ್ಮಾ ಹಚ್ಚಿ, ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ತಯಾರಾಗಿದ್ದಳು. ಚಾ ಕುಡೀತೀಯಾ ಎಂದಳು. ಕುಡೀತೀನಿ ಎಂದ. ಒಳಗಿದ್ದ ಪರ್ವೀನ್ ತಲೆ ಹೊರಗೆ ಹಾಕಿ ಇವನೇನಾ ಎಂದು ನೋಡಿ ಹೋದಳು. ಸಾಸರಿಗೆ ಸುರಿದುಕೊಂಡು ಒಂದು ಗುಟುಕು ಕುಡಿದು, ಅವನು ಎಲ್ಲವನ್ನೂ ಹೇಳಿದ. ಜೋಡಿಸಿಟ್ಟ ಮಾತುಗಳು ಒಂದೂ ನೆನಪಾಗಲಿಲ್ಲ. ಹಾಳುಮೂಳೆಲ್ಲ ಒಟ್ಟಿಗೇ ಬಂತು, ನೆಲದ ಹಂಚು, ಮಧುಕರ್, ಕಿವಿ, ಬ್ರೆಡ್ಡು. ಮುದುಕಿ ಕೊನೆಯವರೆಗೆ ಕೇಳಿದಳು.

"ನಮ್ಮನೆಯೋರು ಬೇಕರಿಯೋರಲ್ಲ ಅಂತ ನಂಗೆ ಗೊತ್ತಿಲ್ವಾ ಬೇಟಾ," ಎಂದಳು. "ನಲವತ್ತು ವರ್ಷ ಅವರ ಜೊತೆ ಇದ್ದೋಳು ನಾನೇ ಅಲ್ವಾ."

ಹಾಗಿದ್ದರೆ ಆ ಫೋನಿನವರಿಗೆಲ್ಲ ಹೌದು ಹೌದು ಎಂದದ್ದೇಕೆ ಎಂದು ಅವನು ಕೇಳಿದ. ಬಂದವರು ಕೂತರು, ಕೈ ಹಿಡಿದರು, ನಿಮ್ಮ ಕಾಲದ ವಿಷಯ ಹೇಳಿ ಅಂದರು, ಇಲ್ಲ ಅಂದಿದ್ದರೆ ಎದ್ದು ಹೋಗುತ್ತಿದ್ದರಲ್ಲ ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಇವತ್ತು ಬರುವುದು ಬೇಡ, ನಾನೇ ಮೊದಲು ಹೋಗಿ ಎಲ್ಲರಿಗೂ ನಿಜ ಹೇಳಿಬಿಡುತ್ತೇನೆ ಎಂದ ಮುನಿರಾಜು. ಅವಳು ಸೀರೆಯ ಸೆರಗನ್ನು ಎತ್ತಿ ತೋರಿಸಿದಳು.

"ಇಸ್ತ್ರಿ ಆಗಿದೆ. ಶಾಲು ಹೊದಿಸೋ ತನಕ ನೀನು ಬಾಯಿ ಮುಚ್ಕೊಂಡಿರು. ಆಮೇಲೆ ನಿಂಗೆ ಏನು ಬೇಕೋ ಹೇಳ್ಕೋ."

ಮಾತು ಕೊಟ್ಟ. ಎದೆ ಮೇಲಿನ ಕಲ್ಲು ಇಳಿದಂತಾಗಿ ಇನ್ನರ್ಧ ಲೋಟ ಚಾ ಕೇಳಿ ಕುಡಿದ. ಆಟೋದಲ್ಲಿ ಅತ್ತೆ, ಸೊಸೆ, ಸೊಸೆಯ ಗಂಡ ಲತೀಫ್ ಹಿಂದೆ, ಇವನು ಡ್ರೈವರನ ಪಕ್ಕದಲ್ಲಿ ಒಂದು ತೊಡೆ ಊರಿಕೊಂಡು. ಪರ್ವೀನ್ ಹಿಂದಿನಿಂದ, "ಅಣ್ಣ, ನೀವು ಊರಿಗೆಲ್ಲ ಟೋಪಿ ಹಾಕಿಬಿಟ್ರಲ್ಲ," ಎಂದಳು. ಅದಕ್ಕೆ ಆಟೋದವನೂ ಸೇರಿ ಎಲ್ಲರೂ ನಕ್ಕರು, ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನು ಇಣುಕಿ ನೋಡಿದ.

ಬಂಗಲೆಯ ಹಿಂದಿನ ಹಜಾರದಲ್ಲಿ ನೂರಕ್ಕೂ ಮೇಲೆ ಕುರ್ಚಿ ಹಾಕಿದ್ದರು. ಅದರಲ್ಲಿ ಮೂವತ್ತು ನಲವತ್ತು ತಲೆಗಳ ಮೇಲೆ ಹೂವಿನ ಟೋಪಿ. ನಿವೃತ್ತ ಕರ್ನಲ್ ಒಬ್ಬರು ನೀಲಿ ಹೂವಿನದನ್ನು ಹಣೆಯವರೆಗೆ ಎಳೆದುಕೊಂಡು ಗಂಭೀರವಾಗಿ ಕೂತಿದ್ದರು, ಅವರ ದೊಡ್ಡ ಕಿವಿಗಳು ಫ್ಯಾನಿನ ಗಾಳಿಗೆ ಒಡ್ಡಿಕೊಂಡಿದ್ದವು. ಮುನಿರಾಜು ಕೊನೆಯ ಸಾಲಿನ ಗೋಡೆಗೆ ಒರಗಿ ನಿಂತು ನೆಲ ನೋಡಿದ. ನೆಲ ನೋಡಿದರೂ ಅಲ್ಲಿ ಅವೇ ಕಿವಿಗಳ ನೆರಳು. ಶಾಲು ಹೊದಿಸುವ ತನಕ, ಶಾಲು ಹೊದಿಸುವ ತನಕ ಎಂದು ಮನಸ್ಸಿನಲ್ಲೇ ಹೇಳಿಕೊಂಡ. ವೇದಿಕೆಯಲ್ಲಿ ಇಮಾಮ್ ಬೀ ಕಾಲು ನೆಲಕ್ಕೆ ತಾಗದ ಎತ್ತರದ ಕುರ್ಚಿಯಲ್ಲಿ ಕೂತಿದ್ದಳು, ಪಕ್ಕದ ತಟ್ಟೆಯಲ್ಲಿ ಮಡಿಸಿಟ್ಟ ಮರೂನ್ ಶಾಲು. ಇನ್ನೇನು ಎರಡು ನಿಮಿಷ. ಆಗ ಮಧುಕರ್ ಮೈಕಿಗೆ ಬಂದು ಕಾರ್ಯಕ್ರಮದಲ್ಲಿ ಇಲ್ಲದ ಒಂದು ಮಾತು ತೆಗೆದರು. ಇತಿಹಾಸ ಪುಸ್ತಕದಲ್ಲಿ ಮಾತ್ರ ಇರುವುದಿಲ್ಲ ಎಂದರು, ಸಾಮಾನ್ಯ ಜನರ ನೆನಪಿನಲ್ಲಿ ಇರುತ್ತದೆ ಎಂದರು, ಈ ಮರೆತುಹೋದ ಟೋಪಿಯನ್ನು ಪತ್ತೆ ಮಾಡಿದವರು ನಮ್ಮ ಮುನಿರಾಜು ಅವರು, ಅವರ ಪ್ರತಿಭೆಯನ್ನು ಮೊದಲೇ ಗುರುತಿಸಿದ್ದಕ್ಕೆ ನನಗೆ ಹೆಮ್ಮೆ ಎಂದರು. ಚಪ್ಪಾಳೆ ಬಿತ್ತು. ಅಷ್ಟೂ ಟೋಪಿಗಳು ಒಟ್ಟಿಗೇ ಹಿಂದಕ್ಕೆ ತಿರುಗಿ ಅವನನ್ನು ನೋಡಿದವು. ಅವಮಾನವನ್ನು ತಡೆದುಕೊಂಡವನಿಗೆ ಹೊಗಳಿಕೆಯನ್ನು ತಡೆಯಲಾಗಲಿಲ್ಲ. ಬೆಳಗಿನಿಂದ, ಅಲ್ಲ, ಮೂರು ವಾರದಿಂದ ಗಂಟಲಲ್ಲಿ ಕೂತಿದ್ದ ಗೋಲಿ ಠಪ್ಪನೆ ಜಾರಿತು. ಅವನು ಗಟ್ಟಿಯಾಗಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಪತ್ತೆ ಮಾಡಿದ್ದಲ್ಲ ಸರ್," ಎಂದ, ಕಣ್ಣೀರು ಒರೆಸಿಕೊಳ್ಳುತ್ತ. "ಕಟ್ಟಿದ್ದು. ಅದು ಟೋಪಿ ಅಲ್ಲ, ಟೀ ಕೋಸಿ. ಬೇಕರಿ ಗೀಕರಿ ಎಲ್ಲ ನಾನೇ ಹೇಳಿದ ಸುಳ್ಳು. ಹಿಸ್ಟರಿ ನಮಗೆ ಬಿಡಿ ಅಂದ್ರಲ್ಲ ಅವತ್ತು, ಅದಾಗಿ ಹತ್ತು ನಿಮಿಷಕ್ಕೆ."

ಒಬ್ಬೊಬ್ಬರಾಗಿ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಕರ್ನಲ್ಲರ ಬೋಳುತಲೆ ಎಲ್ಲರ ನಡುವೆ ಬೆತ್ತಲೆಯಾಗಿ ಹೊಳೆಯಿತು. ಮುನಿರಾಜುವಿಗೆ ಒಂದು ಕ್ಷಣ ಮೈಯೆಲ್ಲ ಹಗುರಾಯಿತು, ಹತ್ತಿ ತುಂಬಿದಷ್ಟು ಹಗುರ. ಆಮೇಲೆ ವೇದಿಕೆಯ ಕಡೆ ಕಣ್ಣು ಹೋಯಿತು. ಇಮಾಮ್ ಬೀ ಅವನನ್ನು ನೋಡುತ್ತಿರಲಿಲ್ಲ. ತಟ್ಟೆಯಲ್ಲಿದ್ದ ಶಾಲನ್ನು ನೋಡುತ್ತಿದ್ದಳು. ಅದರ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಎರಡು ನಿಮಿಷ, ಬರೀ ಎರಡು ನಿಮಿಷ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ ಅವನಿಗೆ. ತನ್ನ ಎದೆ ತೊಳೆದುಕೊಳ್ಳುವ ಆತುರದಲ್ಲಿ ಆ ಕೊಳೆನೀರನ್ನು ಮುದುಕಿಯ ಇಸ್ತ್ರಿ ಸೀರೆಯ ಮೇಲೆ ಸುರಿದಿದ್ದ. ಸುಳ್ಳು ಹೇಳಿದಾಗ ಅವಳ ಹೆಸರು ತೆಗೆದುಕೊಂಡಿದ್ದ, ನಿಜ ಹೇಳುವಾಗ ಅವಳ ಶಾಲು.

ಸಭೆಯನ್ನು ಹೇಗಾದರೂ ಉಳಿಸಬೇಕೆಂದು ಪ್ರಿಯಾ ಮೇಡಂ ಒಳಗೆ ಓಡಿ, ಗಾಜಿನ ಬೀರುವಿನಿಂದ ಒಂದು ಪಿಂಗಾಣಿ ಟೀ ಪಾಟನ್ನು ತಂದರು. ಪರವಾಗಿಲ್ಲ, ಟೀ ಕೋಸಿಯೂ ನಮ್ಮ ದಂಡಿನ ಪರಂಪರೆಯೇ, ಹೇಗೆ ಬಳಸುತ್ತಿದ್ದರೆಂದು ತೋರಿಸುತ್ತೇನೆ ಎಂದರು. ಯಾರದೋ ಟೋಪಿ ಇಸಿದುಕೊಂಡು ಪಾಟಿನ ಮೇಲೆ ಹಾಕಿದರು. ಅದು ಜಾರುತ್ತ ಜಾರುತ್ತ ಪಾಟನ್ನು ಪೂರ್ತಿಯಾಗಿ ನುಂಗಿ ಮೇಜಿನವರೆಗೆ ಇಳಿದು, ಕಾವು ಕೊಡುವ ಕೋಳಿಯ ಹಾಗೆ ಅಗಲವಾಗಿ ಕೂತುಕೊಂಡಿತು. ಮೂತಿಯೂ ಕಾಣಲಿಲ್ಲ, ಹಿಡಿಯೂ ಕಾಣಲಿಲ್ಲ. ಮೇಡಂ ಎತ್ತಿ ಇನ್ನೊಮ್ಮೆ ಹಾಕಿದರು. ಮತ್ತೆ ನುಂಗಿತು. ಮೂರನೇ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇದು ಯಾವ ಅಳತೆ ಎಂದು ಮೇಡಂ ಮುಂದಿನ ಸಾಲಿನಲ್ಲಿದ್ದ ಪರ್ವೀನಳನ್ನು ಕೇಳಿದರು.

ಪರ್ವೀನ್ ಎದ್ದು ನಿಂತಳು. "ನಮ್ಮನೇಲಿ ಟೀ ಪಾಟ್ ಎಲ್ಲಿಂದ ಬರಬೇಕು ಮೇಡಂ," ಎಂದಳು. "ನೀವು ಚೀಟಿಯಲ್ಲಿ ಬರ್ದು ಕೊಟ್ಟಿದ್ದ ಅಳತೆ, ಬಟ್ಟೆ ಒಗೆಯೋವಾಗ ನೆನೆದು ಅಳಿಸಿಹೋಯ್ತು. ಮತ್ತೆ ಕೇಳೋಕೆ ಹೆದರಿಕೆ. ಕೋಸಿ ಅಂದ್ರೆ ಏನೋ ಟೋಪಿನೇ ಇರ್ಬೇಕು ಅಂದ್ಕೊಂಡೆ, ನಮ್ಮನೆಯೋರ ತಲೆ ಇಟ್ಕೊಂಡು ಹೊಲ್ದೆ. ಎರಡು ಸೀಳು ಅಂದಿದ್ರಲ್ಲ, ಕಿವಿಗೇ ಇರ್ಬೇಕು ಅಂತ ಬಿಟ್ಟೆ."

ಎಲ್ಲರೂ ಲತೀಫನ ಕಡೆ ತಿರುಗಿದರು. ಅವನು ನಾಚಿ ಎದ್ದು ಹೋಗಲು ನೋಡಿದ. ಕರ್ನಲ್ ತಮ್ಮ ಮಡಿಲಲ್ಲಿದ್ದ ನೀಲಿ ಹೂವಿನ ಟೋಪಿಯನ್ನು ಎತ್ತಿ ಅವನ ತಲೆಗೆ ಹಾಕಿದರು. ಅಷ್ಟು ಸರಿಯಾಗಿ ಯಾವ ಟೋಪಿಯೂ ಯಾವ ತಲೆಗೂ ಕೂತದ್ದನ್ನು ಆ ಹಜಾರ ನೋಡಿರಲಿಲ್ಲ. ಎರಡು ಕಿವಿಗಳೂ ತಮ್ಮ ಸ್ವಂತ ಮನೆಯ ಬಾಗಿಲಿಗೆ ಬಂದು ನಿಂತವು. ಮೊದಲು ಕರ್ನಲ್ ನಕ್ಕರು, ಆಮೇಲೆ ಯಾರು ಯಾರು ಎಂದು ಹೇಳಲಾಗದು, ಮೈಕು ಹಿಡಿದಿದ್ದ ಪ್ರಿಯಾ ಮೇಡಂ ನಕ್ಕದ್ದು ಸ್ಪೀಕರಿನಲ್ಲಿ ಬಂತು. ಮುನಿರಾಜು ಸುಳ್ಳು ಹೇಳುವ ಎರಡು ವರ್ಷ ಮುಂಚೆಯೇ ಅದು ಟೋಪಿಯಾಗಿತ್ತು. ಅಷ್ಟು ಹೆಮ್ಮೆಯಿಂದ, ಅಷ್ಟು ನಾಚಿಕೆಯಿಂದ ಹೊತ್ತು ತಿರುಗಿದ ಸುಳ್ಳಿನಲ್ಲಿ ಅರ್ಧ ಪಾಲು ಅವನದಾಗಿರಲೇ ಇಲ್ಲ.

ನಗು ಇಳಿಯುತ್ತಿದ್ದ ಹಾಗೆ ಇಮಾಮ್ ಬೀ ಕೈ ಚಾಚಿ ಮೈಕು ಇಸಿದುಕೊಂಡಳು. ತನ್ನ ಗಂಡ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದರು, ಅವರಿಗೆ ತಾನು ಟೋಪಿಯನ್ನೂ ಹೊಲಿಯಲಿಲ್ಲ, ಏನನ್ನೂ ಹೊಲಿಯಲಿಲ್ಲ, ತನಗೆ ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ ಎಂದಳು.

"ಮೂವತ್ತು ವರ್ಷ ಮಾರ್ಕೆಟ್ ಮುಂದೆ ನಿಂಬೆಹಣ್ಣು ಮಾರಿದ್ದೀನಿ. ಅದನ್ನ ಯಾರೂ ಕೇಳಿಲ್ಲ. ಕೇಳಿದ್ರೆ ಹೇಳ್ತೀನಿ. ಆದ್ರೆ ಮೊದಲು ಶಾಲು."

ಪ್ರಿಯಾ ಮೇಡಂ ಶಾಲಿನ ಮಡಿಕೆ ಬಿಚ್ಚಿ ಹೊದಿಸಿದರು. ಮುದುಕಿ ಅದನ್ನು ಭುಜದ ಮೇಲೆ ಸರಿಮಾಡಿಕೊಂಡು, ಅರ್ಧ ಗಂಟೆ ನಿಂಬೆಹಣ್ಣಿನ ಮಾತಾಡಿದಳು. ಸಿಪ್ಪೆ ತೆಳುವಿದ್ದರೆ ರಸ ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಹಣ್ಣನ್ನು ಅಂಗೈಯಲ್ಲಿ ಕುಣಿಸಿ ತೂಕ ನೋಡಬೇಕು ಎಂದಳು. ಮದುವೆಗೆ ಕೊಳ್ಳುವವರು ಬಣ್ಣ ನೋಡುತ್ತಾರೆ, ದೃಷ್ಟಿ ತೆಗೆಯಲು ಕೊಳ್ಳುವವರು ಏನೂ ನೋಡುವುದಿಲ್ಲ ಎಂದಳು. ಗಲಾಟೆಯಾಗಿ ಅಂಗಡಿಗಳೆಲ್ಲ ಮುಚ್ಚಿದ ಒಂದು ದಿನ, ಬುಟ್ಟಿ ತುಂಬಾ ಹಣ್ಣು ಹೊತ್ತು ಹಲಸೂರಿನವರೆಗೆ ನಡೆದು ಬಂದು ದೇವಸ್ಥಾನದ ಬೀದಿಯಲ್ಲಿ ಮಾರಿದ್ದನ್ನು ಹೇಳಿದಳು. ಜನ ಮಡಿಲಲ್ಲಿ ಟೋಪಿ ಹಿಡಿದುಕೊಂಡು ಕೇಳಿದರು. ವಿಡಿಯೋ ತೆಗೆಯಲು ಯಾರೂ ಫೋನು ಎತ್ತಲಿಲ್ಲ.

ಎಲ್ಲ ಮುಗಿದ ಮೇಲೆ ಪ್ರಿಯಾ ಮೇಡಂ ಪರ್ವೀನಳಿಗೆ, ಉಳಿದವನ್ನೂ ತಂದುಕೊಡಿ, ಇದ್ದದ್ದನ್ನು ಇದ್ದ ಹಾಗೆ ಚೀಟಿಯಲ್ಲಿ ಬರೆಯೋಣ, ಲತೀಫರ ತಲೆ ಅಳತೆ ಅಂತಲೇ ಬರೆಯೋಣ ಎಂದರು. ಮಧುಕರ್ ಮುನಿರಾಜುವನ್ನು ವರಾಂಡದ ಕಂಬದ ಹಿಂದೆ ಕರೆದು, "ಕೌಂಟರ್ ಕೀ ಕೊಟ್ಬಿಡಿ ಮುನಿರಾಜು," ಎಂದರು. 'ಅವರೇ' ಇರಲಿಲ್ಲ. ಕೊಟ್ಟ. ಆರು ವರ್ಷದ ಕೀ, ಜೇಬಿನ ಆ ಮೂಲೆಯಲ್ಲಿ ಬಟ್ಟೆ ಸವೆದಿತ್ತು. ಸೋಮವಾರ ಬೆಳಿಗ್ಗೆ ಎಲ್ಲಿಗೆ ಹೋಗುವುದೆಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದಿರುವುದೂ ಆ ಹೊತ್ತಿಗೆ ಒಂಥರಾ ಗಮ್ಮತ್ತಾಗಿತ್ತು. ಗೇಟಿನ ಬಳಿ ಇಮಾಮ್ ಬೀ ಕಾಯುತ್ತಿದ್ದಳು. ಕ್ಷಮೆ ಕೇಳಲು ಅವನು ಬಾಗಿದ.

"ಮಾತು ತಪ್ಪಿದ್ದೀಯ," ಎಂದಳು. "ದಂಡ ಕಟ್ಟು. ನನ್ನನ್ನ ಕೆರೆ ದೋಣಿ ಹತ್ತಿಸು."

ಇಷ್ಟು ವರ್ಷ ಇಷ್ಟು ಹತ್ತಿರವಿದ್ದೂ ಅವಳು ಆ ಕೆರೆಯ ನೀರಿನ ಮೇಲೆ ಹೋದವಳಲ್ಲ. ಲತೀಫನಿಗೆ ನೀರೆಂದರೆ ಭಯ, ದಡದಲ್ಲೇ ನಿಂತ. ಅತ್ತೆಯನ್ನು ಸೊಸೆ ಒಂದು ಕಡೆ, ಮುನಿರಾಜು ಒಂದು ಕಡೆ ಹಿಡಿದು ದೋಣಿಗೆ ಇಳಿಸಿದರು. ಹುಟ್ಟು ಹಾಕುವವನು ಹಲಸೂರಿನ ತಮಿಳಿನಲ್ಲಿ ಯಾರೂ ಅಲುಗಾಡಬಾರದು ಎಂದು ಮೊದಲೇ ಎಚ್ಚರಿಸಿದ. ಸಂಜೆಯ ನೀರು ಎಣ್ಣೆಯಂತೆ ಮಂದವಾಗಿತ್ತು. ಕೆರೆಯ ನಡುವಿನ ನಡುಗಡ್ಡೆಯ ಮರಗಳಿಗೆ ಹಕ್ಕಿಗಳು ಮರಳುತ್ತಿದ್ದವು. ಮುದುಕಿ ಶಾಲನ್ನು ಎದೆಗೆ ಬಿಗಿದುಕೊಂಡು ಸುತ್ತ ನೋಡಿದಳು. ನೀರಿನ ಮಧ್ಯದಿಂದ ನೋಡಿದರೆ ಊರು ಯಾವುದೋ ಊರಿನಂತಿತ್ತು. ಪೂರ್ವದ ದಡದಲ್ಲಿ ಗಾಜಿನ ಗೋಡೆಯ ಎತ್ತರದ ಕಟ್ಟಡವೊಂದು ಬಿಸಿಲಿಗೆ ಉರಿಯುತ್ತಿತ್ತು. ಅವಳು ಅದರತ್ತ ಬೆರಳು ತೋರಿಸಿ, ಖಾತ್ರಿಯಾದ ದನಿಯಲ್ಲಿ, ಅಲ್ಲೇ, ಅದರ ಹಿಂದುಗಡೆಯೇ ನಮ್ಮ ಮನೆ ಎಂದಳು. ಪರ್ವೀನ್ ಹೂಂ ಅನ್ನಿ ಎಂಬಂತೆ ಅವನಿಗೆ ಕಣ್ಣು ಮಾಡಿದಳು. ಮುದುಕಿಯ ಮುಖದಲ್ಲಿ ಅಷ್ಟು ಸಂತೋಷವಿತ್ತು. ಹೌದಮ್ಮ ಎಂಬ ಮಾತು ನಾಲಿಗೆಯ ತುದಿಗೆ ಬಂದು, ಸಕ್ಕರೆಯಂತೆ ಕರಗಲು ತಯಾರಾಗಿ ಕೂತಿತು.

"ಅಲ್ಲಮ್ಮ," ಎಂದ ಮುನಿರಾಜು. "ಶಿವಾಜಿನಗರ ಈ ಕಡೆ. ನಿಮ್ಮ ಬೆನ್ನ ಹಿಂದೆ."

ಎಲ್ಲಿ ಎಂದು ಇಮಾಮ್ ಬೀ ಇಡೀ ಮೈಯನ್ನೇ ತಿರುಗಿಸಿದಳು. ದೋಣಿ ಒಂದು ಪಕ್ಕಕ್ಕೆ ವಾಲಿತು, ಪರ್ವೀನ್ ಅವನ ತೋಳನ್ನು ಹಿಡಿದು ಚೀರಿದಳು, ಹುಟ್ಟಿನವನು ಬೈದ, ಅಂಚು ದಾಟಿ ಬಂದ ನೀರು ಮುನಿರಾಜುವಿನ ಇಸ್ತ್ರಿ ಪ್ಯಾಂಟನ್ನು ಮಂಡಿಯವರೆಗೆ ತೋಯಿಸಿತು. ದೋಣಿ ಆ ಕಡೆ ಈ ಕಡೆ ತೂಗಾಡಿ ಕೊನೆಗೆ ನಿಂತಾಗ 'ಅವರೇ' ಇಲ್ಲದ, ಕೀ ಇಲ್ಲದ, ಒದ್ದೆಯಾದ ಮುನಿರಾಜು ಉಸಿರು ಸಿಗದೆ ನಗುತ್ತಿದ್ದ. ಮುದುಕಿ ಯಾವುದನ್ನೂ ಗಮನಿಸಲಿಲ್ಲ. ಮುಳುಗುವ ಬೆಳಕಿಗೆ ಕಣ್ಣು ಕಿರಿದು ಮಾಡಿ, ಅಂಗೈಯನ್ನು ಹಣೆಗೆ ಅಡ್ಡ ಹಿಡಿದು, ಪಶ್ಚಿಮದ ದಡದ ಮರಗಳಾಚೆಗೆ ದಿಟ್ಟಿಸುತ್ತಿದ್ದಳು.

"ಹಂಗಾದ್ರೆ ಆ ಕಡೆ ಹೊಡಿ," ಎಂದಳು ಹುಟ್ಟಿನವನಿಗೆ.